ಕೂರಿಸಿ ತೆಗೆದ ಇಸಿಜಿ

ಮಾರ್ಚ್ 4, ಮಂಗಳವಾರ. ಸಂಜೆ ಆರೂವರೆ

ಇವತ್ತಿನ ಇಸಿಜಿ ಮೂವತ್ತೊಂದು ಎಂದು ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿ ಬಂದೆ. ಇಲ್ಲಿಯೂ ಅಷ್ಟೇ ಬರೆದು ಮುಗಿಸುವವಳಿದ್ದೆ. ಮೂವತ್ತೊಂದಲ್ಲ, ಮೂವತ್ತೆರಡು. ಭಾವನದು ಎರಡು ಸಲ ತೆಗೆದೆ.

ಮೊದಲಿನಿಂದ ಬರೆಯಬೇಕು. ಇಲ್ಲದಿದ್ದರೆ ನಾಳೆ ಹೊತ್ತಿಗೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಂಡಿರುತ್ತೇನೆ.

ಹನ್ನೊಂದೂವರೆಗೆ ಅಕ್ಕ ಟ್ಯಾಕ್ಸಿಯಲ್ಲಿ ಕರೆತಂದಳು. ಎಮರ್ಜೆನ್ಸಿಯಿಂದ ವ್ಹೀಲ್‌ಚೇರಿನಲ್ಲಿ ನೇರ ನನ್ನ ರೂಮಿಗೆ. ಎದೆಯ ಎಡಗಡೆ ನೋವು, ಭುಜಕ್ಕೂ ಹತ್ತಿದೆ, ಬೆವರು. ಆರಡಿ ಮೇಲೆ ಎರಡಿಂಚಿನ ಮನುಷ್ಯ, ಕಡ್ಡಿಯ ಹಾಗೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಬಾಗಿಲಲ್ಲಿ ನನ್ನನ್ನು ನೋಡಿದ್ದೇ, "ಏನ್ ಕಾನ್ವೆಂಟು, ನಿನ್ ಕೈಗೇ ಸಿಕ್ಕಿಬಿದ್ನಲ್ಲ" ಅಂದರು. ನಾನು ಕಾನ್ವೆಂಟ್ ಸ್ಕೂಲಿನ ಆರನೇ ಕ್ಲಾಸಿನಲ್ಲಿದ್ದಾಗ ಅಕ್ಕನನ್ನು ಮದುವೆಯಾದವರು. ಆವತ್ತಿನಿಂದ ನನ್ನ ಹೆಸರು ಕಾನ್ವೆಂಟು.

"ಮಲಕ್ಕೊಳ್ಳಿ ಭಾವ."

"ಮಲಗಿದ್ರೆ ಉಸಿರು ಹಿಡ್ಯತ್ತೆ ಕಣೇ. ಕೂತೇ ಇರ್ತೀನಿ. ನಿನ್ ಮೆಷಿನ್ನಿಗೇನು, ಗೊತ್ತಾಗತ್ತಾ?"

ಮಂಚದ ಅಂಚಿನಲ್ಲಿ ಕೂರಿಸಿಯೇ ವೈರುಗಳನ್ನು ಹಚ್ಚಿದೆ. ಒಂದು ಪೇಪರು ತೆಗೆದೆ. ಅಲೆಗಳು ಚಿಕ್ಕವಿದ್ದವು. ಆದರೆ ಪ್ರತಿ ಬಡಿತದ ನಂತರವೂ ಗೆರೆ ತನ್ನ ನೆಲಕ್ಕೆ ಇಳಿಯುತ್ತಿತ್ತು. ಕೂತು ತೆಗೆದದ್ದು ನಡೆಯುವುದಿಲ್ಲ. ನಮ್ಮಲ್ಲಿ ಎಲ್ಲವೂ ಅಂಗಾತ ಮಲಗಿಸಿ, ಕೈ ಪಕ್ಕಕ್ಕೆ ಇಟ್ಟು. "ಒಂದೇ ನಿಮಿಷ ಭಾವ, ಮಲಗ್ಲೇಬೇಕು, ಇಲ್ಲಾಂದ್ರೆ ಡಾಕ್ಟ್ರು ನನ್ನ ಬೈತಾರೆ." ಮಲಗಿದರು. ನಾನು ಹೇಳಿದೆ ಅಂತ ಮಲಗಿದರು.

ಎರಡನೆಯ ಪೇಪರಿನಲ್ಲಿ ಬಡಿತದ ನಂತರ ಕೆಳಗಿಳಿಯಬೇಕಾದ ಗೆರೆ ಇಳಿದಿರಲಿಲ್ಲ. ಎದ್ದು ನಿಂತಿತ್ತು. ಇಪ್ಪತ್ತು ವರ್ಷದಲ್ಲಿ ಅಂಥದ್ದನ್ನು ಎಷ್ಟು ನೋಡಿಲ್ಲ. ಮೊದಲನೆಯದನ್ನು ಕೋಟಿನ ಜೇಬಿಗೆ ತುರುಕಿ, ಎರಡನೆಯದನ್ನು ಹಿಡಿದು ಓಡಿದೆ. ಓಡುತ್ತಾ ಕಾರಿಡಾರಿನಲ್ಲಿದ್ದ ಅಕ್ಕನಿಗೆ ಹೇಳಿದೆ — "ಹಾರ್ಟು, ಅಕ್ಕಾ." ಟೆಕ್ನೀಷಿಯನ್ ರಿಸಲ್ಟ್ ಹೇಳುವಂತಿಲ್ಲ. ಹೇಳಿದೆ.

ಡ್ಯೂಟಿ ಡಾಕ್ಟರ್ ಪೇಪರು ನೋಡಿದಳು, ಭಾವನ ಎದೆಗೆ ಸ್ಟೆತಾಸ್ಕೋಪ್ ಎರಡು ಕಡೆ ಇಟ್ಟಳೋ ಒಂದೇ ಕಡೆಯೋ, ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟಳು. "ಎಕ್ಸ್‌ರೇ?" ಎಂದು ನರ್ಸ್ ಕೇಳಿದಳು. "ಟೈಮಿಲ್ಲ, ಕ್ಯಾಥ್ ಲ್ಯಾಬಿಗೆ ಕಳ್ಸಿ." ಹೃದಯದ ರಕ್ತನಾಳ ಮುಚ್ಚಿದ್ದರೆ ತೆರೆಯುವ ಜಾಗ ಅದು. ಅಲ್ಲಿ ಮತ್ತೆ ಅಂಗಾತ ಮಲಗಿಸಿದರು. ನಲವತ್ತು ನಿಮಿಷ.

ನಾಳಗಳು ಸ್ವಚ್ಛವಾಗಿದ್ದವಂತೆ. ಒಂದು ಕಸ ಕೂಡ ಇಲ್ಲ. ನೋಡನೋಡುತ್ತಾ ಬಿಪಿ ಕುಸಿದು ಹೃದಯ ನಿಂತಿತು. ಆಮೇಲೆ ಯಾರಿಗೋ ಹೊಳೆಯಿತು — ಎಡ ಶ್ವಾಸಕೋಶ ಒಡೆದು ಗಾಳಿ ಎದೆಗೂಡಿನೊಳಗೆ ತುಂಬಿಕೊಂಡಿದೆ, ಹೃದಯವನ್ನು ಆಚೆಗೆ ಒತ್ತಿಹಾಕಿದೆ. ಸೂಜಿ ಚುಚ್ಚಿದರೆ ಗಾಳಿ ಸುಯ್ಯೆಂದು ಹೊರಬಂತಂತೆ. ಹೃದಯ ಮತ್ತೆ ಹೊಡೆದುಕೊಂಡಿತು, ಏಳು ನಿಮಿಷದ ಮೇಲೆ. ಈಗ ಐಸಿಯುನಲ್ಲಿದ್ದಾರೆ. ಎಚ್ಚರವಿಲ್ಲ.

ಕೋಟು ಒಗೆಯಲು ಹಾಕುವಾಗ ಜೇಬಿನಲ್ಲಿ ಆ ಮೊದಲ ಪೇಪರು ಕೈಗೆ ಸಿಕ್ಕಿತು. ಮಡಚಿ ಈ ಪುಸ್ತಕದಲ್ಲಿ ಇಟ್ಟಿದ್ದೇನೆ.


ಮಾರ್ಚ್ 5, ಬುಧವಾರ

ಐಸಿಯು ಹೊರಗಿನ ಬೆಂಚು. ಅಕ್ಕ ನಿನ್ನೆಯ ಸೀರೆಯಲ್ಲೇ ಇದ್ದಾಳೆ. ನಾನು ಪಕ್ಕದಲ್ಲಿ ಕೂತೆ. ಅವಳು ಗೋಡೆಗೆ ಹೇಳುವ ಹಾಗೆ ಹೇಳಿದಳು:

"ನಾನೇ ಕಣೇ, ಪುಟ್ಟಿ. ನಾನೇ ಮಾಡಿದ್ದು."

ಬೆಳಿಗ್ಗೆ ಜಗಳವಾಗಿತ್ತಂತೆ. ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದಿದ್ದ ಭಾವ, ಯಾರದ್ದೋ ಲಿಫ್ಟ್ ಕೆಟ್ಟಿದೆ ಎಂದು ಮೂರನೇ ಸಲ ಚೀಲ ಹೆಗಲಿಗೇರಿಸಿದರಂತೆ. ಅಕ್ಕ ಕೇಳಿದಳಂತೆ — "ನಿಮ್ಗೆ ಎದೇಲಿ ಹೃದಯ ಇದ್ಯಾ, ಇಲ್ಲ ಮೋಟರ್ ಇಟ್ಕೊಂಡಿದೀರಾ?" ಭಾವ ಚೀಲ ಕೆಳಗಿಟ್ಟು ಕೆಮ್ಮಿದರು. ಕೆಮ್ಮುತ್ತಾ ಎದೆ ಹಿಡಿದುಕೊಂಡರು.

"ಒಂದು ಮಾತಿಗೆ ಎದೆ ಒಡ್ಕೊಂಡ್ರು."

"ಅಕ್ಕಾ, ಅದು ಹಾರ್ಟಲ್ಲ. ಶ್ವಾಸಕೋಶ. ಅದಕ್ಕೂ ನಿನ್ನ ಮಾತಿಗೂ..."

"ನೀನೇ ಅಲ್ವೇನೇ ಓಡ್ತಾ ಬಂದು ಹಾರ್ಟು ಅಂದಿದ್ದು?"

ಹೌದು. ನಾನೇ.


ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ, ಕ್ಯಾಂಟೀನ್

ನಮ್ಮ ಹೆಡ್ ಟೆಕ್ನೀಷಿಯನ್‌ಗೆ ಎಲ್ಲರೂ ಸ್ಕೇಲು ಎನ್ನುತ್ತಾರೆ. ಜೇಬಿನಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಸ್ಕೇಲು, ಗೆರೆ ಅಳೆಯಲು. ನಾನು ಸೇರಿದ ದಿನ ಅವರು ಹೇಳಿಕೊಟ್ಟ ಮೊದಲ ಪಾಠ — ಒಬ್ಬ ರೋಗಿಗೆ ಒಂದು ಒಳ್ಳೆ ಪೇಪರು. ನಡುಗಿದ್ದು, ವೈರು ಕಳಚಿದ್ದು, ಕೂತು ತೆಗೆದದ್ದು, ಎಲ್ಲ ಬುಟ್ಟಿಗೆ. ಡಾಕ್ಟರ ಮುಂದೆ ಎರಡು ಪೇಪರು ಇಟ್ಟರೆ ಟೆಕ್ನೀಷಿಯನ್‌ಗೆ ಕೆಲಸ ಬರುವುದಿಲ್ಲ ಎಂದರ್ಥ. ಹೊಸಬರಿಗೆ ಇದೇ ಪಾಠವನ್ನು ನಾನೂ ಹೇಳಿಕೊಟ್ಟಿದ್ದೇನೆ. ಹೆಮ್ಮೆಯಿಂದ.

ಡಿಪಾರ್ಟ್‌ಮೆಂಟಿನ ದಪ್ಪ ಪುಸ್ತಕ ತಂದು ಓದಿದೆ. ನನಗೆ ಗೊತ್ತಿಲ್ಲದ ಅಧ್ಯಾಯವೇನಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಶ್ವಾಸಕೋಶದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಜೋರಾದ ನ್ಯುಮೋನಿಯಾ, ಕುಸಿದ ಶ್ವಾಸಕೋಶ — ಮೂರೂ ಇಸಿಜಿಯ ಮೇಲೆ ಹಾರ್ಟ್ ಅಟ್ಯಾಕಿನ ವೇಷ ಹಾಕಬಲ್ಲವು. ಕೆಳಗೆ ಚಿಕ್ಕ ಅಕ್ಷರದಲ್ಲಿ: ಎಡ ಶ್ವಾಸಕೋಶ ಕುಸಿದಾಗ ಹೃದಯ ಪಕ್ಕಕ್ಕೆ ಸರಿಯುವುದರಿಂದ ಗೆರೆ ಬದಲಾಗುತ್ತದೆ, ರೋಗಿಯನ್ನು ಕೂರಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ.

ಕೂರಿಸಿದರೆ.

ಕ್ಯಾಂಟೀನಿನ ಟೀ ತಣ್ಣಗಾಗಿ ಮೇಲೆ ಕೆನೆ ಕಟ್ಟಿತು. ಹಾರ್ಟ್ ಅಟ್ಯಾಕ್ ಕೂತರೆ ಹೋಗುವುದಿಲ್ಲ, ಮಲಗಿದರೆ ಬರುವುದಿಲ್ಲ. ಎರಡೂ ಪೇಪರನ್ನು ಅಕ್ಕಪಕ್ಕ ಇಟ್ಟಿದ್ದರೆ ಆ ಡ್ಯೂಟಿ ಡಾಕ್ಟರ್ ಹುಡುಗಿ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು: ಇದ್ಯಾಕೆ ಹೀಗೆ? ಎಕ್ಸ್‌ರೇ ರೂಮು ನನ್ನ ರೂಮಿನ ಎದುರಿಗೇ ಇದೆ. ಹನ್ನೊಂದು ಹೆಜ್ಜೆ. ಇವತ್ತು ಅಳೆದೆ.

ನಿಜವಾಗಿ ಕೇಳುತ್ತಿದ್ದಳೇ? ಗೊತ್ತಿಲ್ಲ. ಕೇಳುವ ಅವಕಾಶ ಅವಳಿಗೆ ಇರಲಿಲ್ಲ ಎಂಬುದು ಮಾತ್ರ ಗೊತ್ತು.


ಮಾರ್ಚ್ 11, ಮಂಗಳವಾರ

ಐಸಿಯುನಲ್ಲಿರುವವರಿಗೆ ದಿನಾ ಬೆಳಿಗ್ಗೆ ಒಂದು ಇಸಿಜಿ. ಈ ವಾರ ಐಸಿಯು ಸರದಿ ನನ್ನದು. ಬದಲಾಯಿಸಿಕೊಳ್ಳಬಹುದಿತ್ತು. ಸ್ಕೇಲು ತಾವಾಗಿಯೇ "ನಾ ಹೋಗ್ತೀನಿ ಬಿಡಮ್ಮ" ಅಂದಿದ್ದರು. ಬೇಡ ಅಂದೆ. ಯಾಕೆ ಅಂದೆ? ಶಿಕ್ಷೆ ಅನುಭವಿಸುತ್ತಿದ್ದೇನೆ ಎಂದು ನನಗೆ ನಾನೇ ತೋರಿಸಿಕೊಳ್ಳಲೋ ಏನೋ. ಅದರಿಂದ ಭಾವನಿಗೇನೂ ಆಗುವುದಿಲ್ಲ.

ವೆಂಟಿಲೇಟರಿನ ಕೊಳವೆ, ಎದೆಯ ಪಕ್ಕದಲ್ಲಿ ಇನ್ನೊಂದು ಕೊಳವೆ, ಅದರ ತುದಿಗೆ ನೀರಿನ ಬಾಟಲಿ. ಪಾದ ಮಂಚದಿಂದ ಹೊರಗೆ ಚಾಚಿದೆ. ಇವರ ಉದ್ದಕ್ಕೆ ಯಾವ ಮಂಚವೂ ಸಾಲದು. ಮದುವೆಯ ಹೊಸತರಲ್ಲಿ ನಮ್ಮ ಮನೆಗೆ ಬಂದಾಗ ಇವರಿಗೆ ಎರಡು ಚಾಪೆ ಸೇರಿಸಿ ಹಾಸುತ್ತಿದ್ದೆವು.

ಪೇಪರು ಬಂತು. ಎಷ್ಟು ಚೆಂದ ಇದೆ! ಪುಸ್ತಕದಲ್ಲಿ ಅಚ್ಚು ಹಾಕಬಹುದು. ಒಂದು ಏರು, ಒಂದು ಇಳಿತ, ಮತ್ತೆ ನೆಲ. ಏನೂ ಆಗದ ಹೃದಯ.

ಅಕ್ಕನನ್ನು ಐದು ನಿಮಿಷ ಒಳಗೆ ಬಿಟ್ಟಿದ್ದರು. "ಹೆಂಗಿದ್ಯೇ?" ಅಂದಳು.

"ಹಾರ್ಟ್ ಚೆನ್ನಾಗಿದೆ ಅಕ್ಕ."

"ಮತ್ಯಾಕೆ ಏಳಲ್ಲ?"

ಮಿದುಳಿಗೆ ಏಳು ನಿಮಿಷ ರಕ್ತ ಹೋಗಲಿಲ್ಲ ಎಂದು ಡಾಕ್ಟರು ಅವಳಿಗೆ ಮೂರು ಸಲ ಹೇಳಿದ್ದಾರೆ. ನಾನು ನಾಲ್ಕನೇ ಸಲ ಹೇಳಲಿಲ್ಲ. ಅವಳು ಬಗ್ಗಿ ಭಾವನ ಕಿವಿಯಲ್ಲಿ ಹೇಳಿದಳು — "ಮೋಟರ್ ಅಂದಿದ್ದು ತಪ್ಪಾಯ್ತು ರೀ. ಇದೊಂದ್ ಸಲ ಎದ್ಬಿಡಿ. ಕಣ್ಣಿನ ಡಾಕ್ಟ್ರು ಹಾಳಾಗೋಗ್ಲಿ, ಎಲ್ಲಿಗ್ ಬೇಕಾದ್ರೂ ಹೋಗಿ, ಕೇಳಲ್ಲ."

ನಾನು ವೈರು ಸುತ್ತುತ್ತಾ ನಿಂತಿದ್ದೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದೆ.


ಮಾರ್ಚ್ 15, ಶನಿವಾರ

ಬೆಳಿಗ್ಗೆ 10:20. ನೇರ ಗೆರೆ. ಭಾವ ಹೋಗಿದ್ದಾರೆ ಎಂದು ಬರೆಯಲು ಡಾಕ್ಟರಿಗೆ ಒಂದು ಪೇಪರು ಬೇಕಾಗುತ್ತದೆ. ನಾನೇ ತೆಗೆದೆ. ಒಂದು ಸಲ. ರಿಜಿಸ್ಟರಿನಲ್ಲಿ ಇವತ್ತಿನ ಒಂಬತ್ತನೆಯದು.


ಮಾರ್ಚ್ 27, ಗುರುವಾರ

ಹನ್ನೆರಡು ದಿನ ಇದನ್ನು ತೆರೆಯಲಿಲ್ಲ. ಬರೆಯದಿದ್ದರೆ ಏನೂ ಆಗಿಲ್ಲ ಎಂಬ ಹಾಗೆ.

ಇವತ್ತು ವಿಚಾರಣೆ. ಹಾಗೆ ಕರೆಯುವುದಿಲ್ಲ, ರಿವ್ಯೂ ಮೀಟಿಂಗ್ ಎನ್ನುತ್ತಾರೆ. ಉದ್ದನೆಯ ಮೇಜು, ಏಸಿ ಜೋರು. ಹಿರಿಯ ಹೃದಯ ತಜ್ಞರು ಎರಡನೆಯ ಪೇಪರನ್ನು ಬೆಳಕಿಗೆ ಹಿಡಿದರು. "ಇದನ್ನು ಯಾರು ನೋಡಿದ್ರೂ ಹಾರ್ಟ್ ಅಟ್ಯಾಕ್ ಅಂತಾರೆ. ಆದ್ರೆ ಎದೆಗೆ ಸ್ಟೆತಾಸ್ಕೋಪ್ ಇಟ್ರೆ ಎಡಗಡೆ ಸದ್ದೇ ಇರಲ್ಲ. ಇಟ್ರಾ?" ಡ್ಯೂಟಿ ಡಾಕ್ಟರ್ ತಲೆ ತಗ್ಗಿಸಿದಳು. ಮೂವತ್ತೂ ಆಗಿಲ್ಲ ಅವಳಿಗೆ. ಕನ್ನಡಕ ಯಾವಾಗಲೂ ತಲೆಯ ಮೇಲಿರುತ್ತಿತ್ತು, ಇವತ್ತು ಕೈಯಲ್ಲಿತ್ತು.

ಆಮೇಲೆ ನನ್ನ ಕಡೆ ತಿರುಗಿದರು. "ಒಂದೇ ಟ್ರೇಸಿಂಗಾ ಮೇಡಂ ತೆಗೆದದ್ದು?"

ನಮ್ಮ ಮೆಷಿನ್ನು ಹಳೆಯದು, ಎಷ್ಟು ಪೇಪರು ತೆಗೆದೆವೆಂದು ನೆನಪಿಟ್ಟುಕೊಳ್ಳುವುದಿಲ್ಲ.

"ಒಂದೇ ಸರ್."

ಅದು ಎಷ್ಟು ಸಲೀಸಾಗಿ ಬಂತು. ಹೊರಗೆ ಆ ಹುಡುಗಿ ನನ್ನ ಹತ್ತಿರ ಬಂದಳು. "ಮೇಡಂ, ಅವ್ರು ನಿಮ್ಮ ಭಾವ ಅಂತ ನಂಗಾಮೇಲೆ ಗೊತ್ತಾಯ್ತು. ಸಾರಿ ಮೇಡಂ. ಗಲಾಟೆ ಇತ್ತು, ಸರಿಯಾಗಿ ಕೇಳಿಸ್ಲಿಲ್ಲ, ಪೇಪರ್ ಅಷ್ಟು ಸ್ಪಷ್ಟವಾಗಿತ್ತಲ್ಲ..." ಅಳುತ್ತಿದ್ದಳು. ನಾನು ಅವಳ ಬೆನ್ನು ಸವರಿದೆ. ಇದನ್ನೂ ಬರೆದಿಡಬೇಕು: ಬೆನ್ನು ಸವರಿದೆ, ಸಮಾಧಾನ ಹೇಳಿದೆ, ಅವಳು ನನಗೆ ಥ್ಯಾಂಕ್ಸ್ ಹೇಳಿದಳು.

ಅವಳನ್ನು ಎಮರ್ಜೆನ್ಸಿಯಿಂದ ತೆಗೆದಿದ್ದಾರೆ. ತೀರ್ಮಾನ ಮುಂದಿನ ತಿಂಗಳ ಕೊನೆಗೆ.


ಏಪ್ರಿಲ್ 3, ಗುರುವಾರ. ಸಂಜೆ

ಅಕ್ಕನ ಮನೆ. ಮೂರನೇ ಮಹಡಿ. ಈ ಕಟ್ಟಡದ ಲಿಫ್ಟು ಭಾವನೇ ನೋಡಿಕೊಳ್ಳುತ್ತಿದ್ದದ್ದು. ಅಕ್ಕ ಈಗ ಮೆಟ್ಟಿಲು ಹತ್ತುತ್ತಾಳೆ. ಎರಡನೇ ಮಹಡಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಾಳಂತೆ. ಕೆಳಮನೆಯಾಕೆ ಹೇಳಿದರು.

ಭಾವನ ಚೀಲ ಬಾಗಿಲ ಪಕ್ಕದಲ್ಲೇ ಇದೆ, ಆವತ್ತು ಇಟ್ಟ ಜಾಗದಲ್ಲಿ. ಸ್ಪ್ಯಾನರು ಹೊರಗೆ ಇಣುಕುತ್ತಿದೆ. ನಾನು ದಾಟಿಕೊಂಡು ಒಳಗೆ ಹೋದೆ. ಅವಳೂ ದಿನಾ ದಾಟಿಯೇ ಓಡಾಡುತ್ತಿರಬೇಕು.

ಹೇಳಲೆಂದೇ ಹೋಗಿದ್ದೆ. ಬ್ಯಾಗಿನಲ್ಲಿ ಮಡಚಿದ ಪೇಪರು ಇತ್ತು.

"ಅಕ್ಕ, ಸರಿಯಾಗಿ ಕೇಳು. ಭಾವನ ಥರ ಉದ್ದಕ್ಕೆ, ಸಣ್ಣಗೆ ಇರೋರಿಗೆ, ಅದ್ರಲ್ಲೂ ವರ್ಷಗಟ್ಲೆ ಸಿಗರೇಟ್ ಸೇದಿದೋರಿಗೆ, ಶ್ವಾಸಕೋಶದ ಮೇಲೆ ಗುಳ್ಳೆ ಇರತ್ತೆ. ಅದು ಯಾವತ್ತು ಬೇಕಾದ್ರೂ ಒಡೀಬಹುದು. ಕೆಮ್ಮಿದ್ರೂ ಒಡಿಯತ್ತೆ, ಸುಮ್ನೆ ಕೂತಿದ್ರೂ ಒಡಿಯತ್ತೆ. ನೀನು ಬೈದಿದ್ದಕ್ಕಲ್ಲ."

"ಡಾಕ್ಟ್ರೂ ಅದನ್ನೇ ಅಂದ್ರು. ನನ್ನ ಸಮಾಧಾನಕ್ಕೆ ಎಲ್ರೂ ಸೇರ್ಕೊಂಡು ಒಂದೊಂದ್ ಹೇಳ್ತೀರ."

"ಸಮಾಧಾನಕ್ಕಲ್ಲ ಕಣೇ."

"ಹಾರ್ಟಿಗೇ ಏನೂ ಆಗ್ದೇ ಇದ್ರೆ ನಿನ್ನ ಮೆಷಿನ್ನು ಯಾಕೆ ಹಾಗಂತು? ಮೆಷಿನ್ ಸುಳ್ಳಾಡತ್ತಾ? ನೀನ್ ಸುಳ್ಳಾಡ್ತೀಯಾ?"

ಬ್ಯಾಗಿನ ಜಿಪ್ಪಿಗೆ ಕೈ ಹಾಕಿದೆ. ಆಗ ಅವಳು ನನ್ನ ಇನ್ನೊಂದು ಕೈ ಹಿಡಿದುಕೊಂಡಳು.

"ಒಂದೇ ಸಮಾಧಾನ ಪುಟ್ಟಿ ನಂಗೆ. ನೀನಿದ್ದೆ. ಬೇರೆ ಯಾರದೋ ಕೈಗೆ ಸಿಕ್ಕಿದ್ರೆ ಸರಿಯಾಗಿ ನೋಡಿದ್ರೋ ಇಲ್ವೋ ಅಂತ ಸಾಯೋತನಕ ಕೊರೀತಿತ್ತು. ನೀನ್ ನೋಡಿದೀಯ ಅಂದ್ಮೇಲೆ ಮುಗೀತು."

ಜಿಪ್ಪಿನಿಂದ ಕೈ ತೆಗೆದೆ. ಕಾಫಿ ಕುಡಿದೆ. ಇಬ್ಬರೂ ಅವಳ ಬೀರು ಜೋಡಿಸಿದೆವು. ಭಾವನ ಶರ್ಟುಗಳ ತೋಳು ಎಷ್ಟು ಉದ್ದ ಎಂದು ಅವಳು ನಕ್ಕಳು ಕೂಡ. "ನೋಡು, ಇದನ್ ಹಾಕ್ಕೊಳೋಕೆ ಲೋಕದಲ್ಲಿ ಇನ್ನೊಬ್ಬ ಸಿಗಲ್ಲ."

ಬರುವಾಗ ಮೆಟ್ಟಿಲಲ್ಲೇ ಇಳಿದೆ.


ಏಪ್ರಿಲ್ 9, ಬುಧವಾರ

ಒಂದನ್ನು ಕಿತ್ತುಕೊಳ್ಳದೆ ಇನ್ನೊಂದನ್ನು ಕೊಡಲಾಗುವುದಿಲ್ಲ. ಅವಳ ಮಾತಿನಿಂದ ಅಲ್ಲ ಎಂದು ಅವಳು ನಂಬಬೇಕಾದರೆ ಪೇಪರು ತೋರಿಸಬೇಕು. ಪೇಪರು ತೋರಿಸಿದರೆ 'ನೀನಿದ್ದೆ' ಎಂಬುದು ಹೋಗುತ್ತದೆ. ಹಾಗಾದರೆ ಯಾವುದು ಅವಳಿಗೆ ಹಗುರ? ಅಥವಾ ಈ ಪ್ರಶ್ನೆಯನ್ನೇ ನಾನು ನನ್ನ ಅನುಕೂಲಕ್ಕೆ ಹಿಗ್ಗಿಸುತ್ತಿದ್ದೇನೆಯೇ? ನನ್ನ ಗಂಡ ಕೇಳಿದರು, ಏನಾಗಿದೆ ನಿನಗೆ ಅಂತ. ಸುಸ್ತು ಅಂದೆ.

ಇವತ್ತು ಈ ಪುಸ್ತಕದಿಂದ ಪೇಪರು ತೆಗೆದು ನೋಡಿದೆ. ಮಾಸಿದೆ. ಇಸಿಜಿ ಪೇಪರಿನ ಮೇಲೆ ಶಾಯಿ ಇರುವುದಿಲ್ಲ, ಬಿಸಿಯಿಂದ ಮೂಡಿದ ಗೆರೆ ಅದು. ಬೆಳಕು, ಬೆವರು, ಸೆಖೆ ಎಲ್ಲವೂ ತಿನ್ನುತ್ತವೆ. ಮಡಿಕೆಯ ಉದ್ದಕ್ಕೂ ಮೂರು ಬಡಿತ ಆಗಲೇ ಅಳಿಸಿಹೋಗಿವೆ. ಮೂಲೆಯಲ್ಲಿ ಟೈಮು ಇನ್ನೂ ಕಾಣುತ್ತದೆ: 11:42. ಎರಡನೆಯದರ ಮೇಲೆ 11:46.

ಇನ್ನೆರಡು ಬೇಸಿಗೆ ತಿಂಗಳು ಸುಮ್ಮನಿದ್ದರೆ ಸಾಕು. ನಾನು ಏನನ್ನೂ ಹರಿಯಬೇಕಿಲ್ಲ, ಸುಡಬೇಕಿಲ್ಲ. ತಾನಾಗಿಯೇ ಬಿಳಿಯಾಗುತ್ತದೆ. ಇದು ಹೊಳೆದಾಗ ಒಂದು ಕ್ಷಣ ಎದೆ ಹಗುರಾಯಿತು. ಆ ಹಗುರವನ್ನು ಕಂಡು ನನಗೇ ಹೆದರಿಕೆಯಾಯಿತು.

ಅಂಗಡಿಗೆ ಹೋಗಿ ಎರಡು ಜೆರಾಕ್ಸ್ ಮಾಡಿಸಿದೆ.


ಏಪ್ರಿಲ್ 14, ಸೋಮವಾರ

ಒಬ್ಬ ಮುದುಕಿ, ಮಲಗಲು ಆಗುವುದಿಲ್ಲ ಅಂದರು. ಕೂರಿಸಿ ತೆಗೆದೆ, ಆಮೇಲೆ ದಿಂಬು ಕೊಟ್ಟು ಅರೆ ಮಲಗಿಸಿ ತೆಗೆದೆ. ಎರಡರ ಮೇಲೂ ಹೇಗೆ ತೆಗೆದದ್ದು ಎಂದು ಬರೆದು ಎರಡನ್ನೂ ಕಳಿಸಿದೆ. ರಿಜಿಸ್ಟರಿನಲ್ಲಿ ಎರಡು. ಸ್ಕೇಲು ಬಂದರು.

"ಏನಮ್ಮ, ಇಪ್ಪತ್ತು ವರ್ಷ ಆದ್ಮೇಲೆ ಕೈ ನಡುಗಕ್ಕೆ ಶುರುವಾಯ್ತಾ? ಡಾಕ್ಟ್ರಿಗೆ ಆಲ್ಬಂ ಕಳಿಸ್ತಿದೀಯ."

ಅವರಿಗೆ ಹೇಳಿದೆ. ಯಾಕೋ ಗೊತ್ತಿಲ್ಲ, ಮೊದಲು ಅವರಿಗೆ. ಬಾಗಿಲು ಹಾಕಿ ಪೂರ್ತಿ ಹೇಳಿದೆ. ಜೇಬಿನ ಸ್ಕೇಲನ್ನು ತೆಗೆದು ಹೆಬ್ಬೆರಳಿನಿಂದ ಬಗ್ಗಿಸಿದರು.

"ನಾನು ಎಷ್ಟು ಬುಟ್ಟಿಗೆ ಹಾಕಿದೀನೋ" ಅಂದರು. ಆಮೇಲೆ, "ಬಿಟ್ಬಿಡಮ್ಮ. ಹೋದವ್ರು ಬರ್ತಾರಾ? ನಿನ್ ಕೆಲ್ಸ ಹೋಗತ್ತೆ, ಅಕ್ಕನೂ ಹೋಗ್ತಾಳೆ. ಯಾರಿಗೇನ್ ಸಿಕ್ತು?"

"ಆ ಹುಡುಗಿ?"

"ಅವಳು ಚಿಕ್ಕೋಳು. ಎದ್ದು ನಿಲ್ತಾಳೆ."

ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇಲ್ಲ.


ಏಪ್ರಿಲ್ 18, ಶುಕ್ರವಾರ

ರಿವ್ಯೂ ಕಮಿಟಿಗೆ ಪತ್ರ ಇಂಗ್ಲಿಷಿನಲ್ಲಿ ಬರೆದೆ. ಹತ್ತು ನಿಮಿಷ ಹಿಡಿಯಿತು. ಇನ್ನೊಂದು ಟ್ರೇಸಿಂಗ್ ತೆಗೆಯಲಾಗಿತ್ತು, ಅದನ್ನು ಫೈಲಿನಲ್ಲಿ ಇಡಲಾಗಲಿಲ್ಲ. ಓದಿದರೆ ಎಲ್ಲೂ ನಾನಿಲ್ಲ. ನನ್ನನ್ನು ಆ ಕಾನ್ವೆಂಟಿಗೆ ಕಳಿಸಲೆಂದು ಅಕ್ಕ ಹತ್ತನೆಯದಕ್ಕೇ ಓದು ಬಿಟ್ಟು ಮನೆ ನೋಡಿಕೊಂಡಳು. ಅಲ್ಲಿ ಕಲಿತದ್ದು ಇದಕ್ಕೆ ಉಪಯೋಗಕ್ಕೆ ಬಂತು. ಹರಿದು ಮತ್ತೆ ಬರೆದೆ. ನಾನು ತೆಗೆದೆ. ನಾನು ಜೇಬಿಗೆ ಹಾಕಿಕೊಂಡೆ. ಮೀಟಿಂಗಿನಲ್ಲಿ ನಾನು ಸುಳ್ಳು ಹೇಳಿದೆ.

ಅಕ್ಕನಿಗೆ ಪತ್ರ ಬರೆಯಲು ಕೂತು ಮೂರು ದಿನ ಆಯಿತು, ಇನ್ನೂ ಮುಗಿದಿಲ್ಲ. ಅವಳಿಗೆ ಫೋನಿನಲ್ಲಿ ಹೇಳಿದರೆ ನಾನು ಅಳುತ್ತೇನೆ, ಆಗ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಎದುರು ಹೋದರೆ ಕೈ ಹಿಡಿದುಕೊಳ್ಳುತ್ತಾಳೆ. ಕಾಗದವಾದರೆ ಬಾಗಿಲು ಹಾಕಿಕೊಂಡು ಓದಬಹುದು. ಬೈಯಬಹುದು. ಹರಿಯಬಹುದು.

ಮಧ್ಯಾಹ್ನ ಅವಳದೇ ಫೋನು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತದಂತೆ.

"ಗುರುವಾರ ಬರ್ತೀನಿ ಪುಟ್ಟಿ. ಒಂದ್ ಇಸಿಜಿ ತೆಗ್ಸೋಣ ಅಂತ. ನೀನೇ ತೆಗಿ. ಬೇರೆಯವ್ರ ಕೈಲಿ ನಾನ್ ಮಲಗಲ್ಲ."

"ಬಾ ಅಕ್ಕ" ಅಂದೆ.


ಏಪ್ರಿಲ್ 20, ಭಾನುವಾರ. ಸಂಜೆ ನಾಲ್ಕು

ಪತ್ರ ಮುಗಿಯಿತು. ಒಂದೂವರೆ ಪುಟ. ಕ್ಷಮಿಸು ಎಂದು ಒಂದು ಕಡೆ ಬರೆದಿದ್ದೆ, ಹೊಡೆದುಹಾಕಿದೆ. ಅದು ಕೇಳುವ ಮಾತು, ಈ ಪತ್ರ ಅವಳಿಂದ ಏನನ್ನೂ ಕೇಳಬಾರದು. 'ನಿನ್ನ ಮಾತಿನಿಂದ ಅಲ್ಲ' ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ, ಮುಂದಕ್ಕೆ ಓದಲಾಗದೆ ಬಿಟ್ಟರೂ ಅದೊಂದು ಅವಳಿಗೆ ಸಿಗಲಿ ಎಂದು. ಎರಡು ಲಕೋಟೆ. ಅಕ್ಕನದರಲ್ಲಿ ಅಸಲು ಪೇಪರು, ಕಮಿಟಿಗೆ ಜೆರಾಕ್ಸ್. ಅವಳ ಮನೆಗೆ ಕಾಗದ ಹೋಗಲು ಎರಡು ದಿನ. ಬುಧವಾರ ಕೈ ಸೇರುತ್ತದೆ. ಗುರುವಾರ ಅವಳು ಬರಬಹುದು, ಬರದೇ ಇರಬಹುದು. ನನ್ನ ಮಂಚದ ಮೇಲೆ ಮಲಗಬೇಕೋ ಬೇಡವೋ ಅನ್ನುವುದನ್ನು ಎಲ್ಲ ತಿಳಿದುಕೊಂಡು ತೀರ್ಮಾನಿಸಲಿ. ಭಾವನಿಗೆ ನಾನು ಅಷ್ಟೂ ಕೊಡಲಿಲ್ಲ.

ಬಂದರೆ ಮೊದಲು ಕೂರಿಸುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಡ್ಯೂಟಿ. ಪೋಸ್ಟ್ ಡಬ್ಬಿ ಬಸ್ ಸ್ಟಾಪಿನ ಹತ್ತಿರವೇ ಇದೆ, ಏಳೂವರೆಗೆ ಮೊದಲ ಸಲ ತೆಗೆಯುತ್ತಾರೆ. ಅದಕ್ಕೂ ಮುಂಚೆ ಹಾಕಬೇಕು. ನಾಳೆ, ಏಪ್ರಿಲ್ 21, ಸೋಮವಾರ, ಎರಡೂ ಲಕೋಟೆ ಡಬ್ಬಿಗೆ ಬೀಳುತ್ತವೆ.